ಮೂರು ಸೇವರ್, ಒಂದು ಫ್ಲೆಕ್ಸಿ

ಅಜ್ಜಿಯರು ಹೇಳುವ ಕಥೆಗಳಲ್ಲಿ ಚಿಕ್ಕಮ್ಮಂದಿರಿಗೆ ಬೇರೆ ಕಸುಬೇ ಇರುವುದಿಲ್ಲ. ಸವತಿಯ ಮಕ್ಕಳ ತಟ್ಟೆಗೆ ವಿಷ ಬೆರೆಸುವುದು, ಅವರನ್ನು ಕಾಡಿಗೆ ಅಟ್ಟುವುದು, ರಾಜನ ಕಿವಿಗೆ ಚಾಡಿ ತುಂಬುವುದು, ಇಷ್ಟರಲ್ಲೇ ಅವರ ಹೊತ್ತು ಕಳೆದುಹೋಗುತ್ತದೆ. ಈ ಚಿಕ್ಕಮ್ಮನಿಗೆ ಅಷ್ಟೆಲ್ಲ ಬಿಡುವಿರಲಿಲ್ಲ. ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿದಳೆಂದರೆ ಸಂಜೆ ಅದನ್ನು ಎಳೆಯುವವರೆಗೆ ಅವಳ ತುಟಿಗಳ ನಡುವೆ ನಾಲ್ಕೈದು ಗುಂಡುಸೂಜಿಗಳಿರುತ್ತಿದ್ದವು. ವಿಷ ಬೆರೆಸುವುದು ಹಾಗಿರಲಿ, ಬಾಯಿಬಿಟ್ಟು ಒಂದು ಮಾತು ಬೈಯುವುದಕ್ಕೂ ಅನುಕೂಲವಿರಲಿಲ್ಲ.

ಹೊಸ ಬಟ್ಟೆ ಹೊಲಿಯುವ ಅಂಗಡಿ ಅದಲ್ಲ. ಎರಡು ದೊಡ್ಡ ಅಂಗಡಿಗಳ ನಡುವಿನ ಸಂದಿಗೆ ಚಾವಣಿ ಹಾಕಿ ಮಾಡಿದ ಜಾಗ. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಆಳೆತ್ತರದ ಕನ್ನಡಿ, ದಪ್ಪನೆಯವರು ಹೊಕ್ಕರೆ ಹೊಟ್ಟೆಯ ಆಕಾರ ಹೊರಗೆ ಮೂಡುವಂಥ ಒಂದು ಪರದೆ. ಬೇರೆ ಯಾರೋ ಹೊಲಿದದ್ದನ್ನು ಬಿಚ್ಚಿ ಇನ್ನಾರದೋ ಮೈಗೆ ಕೂರಿಸುವುದು ಅವಳ ಕೆಲಸ. ಬೀದಿಯವರ ಬಾಯಲ್ಲಿ ಅವಳು ಆಲ್ಟರೇಷನ್ ಅಕ್ಕ. ನಲವತ್ತು ದಾಟುವವರೆಗೂ ಅವಳು ಮನೆಯಲ್ಲೂ ಬರೀ ಅಕ್ಕನೇ. ತಂಗಿಯರ ಸಂಸಾರಗಳು ಎಲ್ಲಿಗಾದರೂ ಹೊರಟರೆ ಕೂಸುಗಳನ್ನು ಎತ್ತಿಕೊಳ್ಳಲು ಜೊತೆಗೆ ಹೋಗುವಳು, ಕಾರಿನಲ್ಲಿ ಜಾಗ ಸಾಲದಿದ್ದರೆ ನಗುನಗುತ್ತಾ ಇಳಿಯುವಳು. ಆ ಪ್ರವಾಸಗಳ ಒಂದು ಫೋಟೋದಲ್ಲೂ ಅವಳಿಲ್ಲ. ತೆಗೆದವಳು ಅವಳೇ.

ಮದುವೆಯಾದದ್ದು ತಡವಾಗಿ, ಹೆಂಡತಿ ತೀರಿಕೊಂಡಿದ್ದ ಒಬ್ಬ ಲಿಫ್ಟ್ ರಿಪೇರಿಯವನನ್ನು. ಸ್ಪ್ಯಾನರುಗಳ ಭಾರಕ್ಕೆ ಹರಿದ ಜೇಬು ಹೊಲಿಸಲು ಬಂದವನು ಆಮೇಲಾಮೇಲೆ ಹರಿಯದ ಜೇಬನ್ನೂ ಹೊಲಿಸಲು ಬರತೊಡಗಿದ. ಒಳ್ಳೆಯ ಮನುಷ್ಯ. ದನಿ ಏರಿಸಿದವನಲ್ಲ, ಕೈ ಬಿಗಿ ಮಾಡಿದವನಲ್ಲ. ಹಗ್ಗ ಹರಿದರೂ ಲಿಫ್ಟ್ ಬೀಳಬಾರದು, ಅದಕ್ಕೆಂದೇ ಪಕ್ಕದಲ್ಲೊಂದು ಬ್ರೇಕ್ ಇರಬೇಕು ಎಂಬುದು ಅವನ ಕಸುಬಿನ ಮೊದಲ ಪಾಠ. ಆ ಪಾಠವನ್ನು ಅವನು ಮನೆಗೂ ಹೊತ್ತು ತಂದಿದ್ದ. ‘ಹೂಂ’ ಎನ್ನುವಾಗಲೂ ಅದರೊಳಗೆ ಒಂದು ‘ನೋಡೋಣ’ ಅಡಗಿ ಕೂತಿರುತ್ತಿತ್ತು.

ಅವನಿಗೆ ಇಬ್ಬರು ಬೆಳೆದ ಮಕ್ಕಳು. ಮಗಳು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಯವಳು, ಮುರಿದ ಮೊಣಕಾಲುಗಳನ್ನು ಗದರಿಸಿ ಗದರಿಸಿ ನಡೆಸುವವಳು. ಮಗ ಓದು ಮುಗಿಸುವ ಹವಣಿಕೆಯಲ್ಲಿದ್ದ, ಅಥವಾ ಮುಗಿಸದಿರುವ ಹವಣಿಕೆಯಲ್ಲಿ. ಇಬ್ಬರೂ ಅವಳನ್ನು ಚಿಕ್ಕಮ್ಮ ಎನ್ನುತ್ತಿದ್ದರು. ಊಟ ಚೆನ್ನಾಗಿದೆ ಎನ್ನುತ್ತಿದ್ದರು. ಬಾಗಿಲು ಬಡಿದವರಲ್ಲ, ಎದುರಾಡಿದವರಲ್ಲ. ನೆಂಟರ ಮನೆಯಲ್ಲಿ ಉಳಿದುಕೊಂಡವರು ಹೇಗಿರುತ್ತಾರೋ ಹಾಗಿದ್ದರು. ಯಾರ ಮನೆಯಲ್ಲಿ ಯಾರು ನೆಂಟರು ಎಂಬುದಷ್ಟೇ ಅವಳಿಗೆ ಕೆಲವೊಮ್ಮೆ ತಿಳಿಯುತ್ತಿರಲಿಲ್ಲ.

ಹಡಗಿನ ಮಾತು ಆ ಮನೆಗೆ ಹೊಸದಲ್ಲ. ಮಕ್ಕಳ ತಾಯಿಗೆ ಅದೊಂದು ಹುಚ್ಚಿತ್ತಂತೆ. ಕಾಯಿಲೆಯ ಹಾಸಿಗೆಯಲ್ಲಿ ಮಲಗಿಯೂ ಬಿಳಿ ಹಡಗುಗಳ ಚಿತ್ರ ನೋಡುತ್ತಾ, ಗುಣವಾದ ಮೇಲೆ ಹೋಗೋಣ ಎನ್ನುತ್ತಿದ್ದಳಂತೆ. ಈ ವರ್ಷ ಮಗಳ ಕೆಲಸ ಖಾಯಂ ಆದದ್ದೇ ಅಮ್ಮನ ಆಸೆಯನ್ನು ನಾವಾದರೂ ತೀರಿಸೋಣ ಎಂದು ಅವಳು ಹಠ ಹಿಡಿದಳು. ನಾಲ್ಕು ಹಾಸಿಗೆಯ ಕೋಣೆ ತೆಗೆದುಕೊಂಡರೇ ಲಾಭ ಎಂದ ಮಗ. ನಾಲ್ಕು ಎಂಬ ಮಾತು ಕಿವಿಗೆ ಬಿದ್ದಾಗ ಆಲ್ಟರೇಷನ್ ಅಕ್ಕ ಲೋಟ ತೊಳೆಯುತ್ತಿದ್ದಳು. ಗಂಡ, ಮಗಳು, ಮಗ ಎಂದು ಮನಸ್ಸಿನಲ್ಲೇ ಎಣಿಸಿದಳು. ಉಳಿದೊಂದಕ್ಕೆ ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಲೋಟ ಆಗಲೇ ಬೆಳ್ಳಗಾಗಿತ್ತು, ಅವಳು ಇನ್ನೂ ತಿಕ್ಕುತ್ತಲೇ ಇದ್ದಳು.

ಟಿಕೆಟ್ಟಿನ ದರಗಳದೇ ಒಂದು ಪುರಾಣ. ಅಂದು ಸಂಜೆ ಊಟದ ಮೇಜಿನಲ್ಲಿ ಮಗ ಫೋನು ಎತ್ತಿ ಹಿಡಿದು ಅದನ್ನು ಪಾರಾಯಣ ಮಾಡಿದ. ಪೂರ್ತಿ ದರ ಕೊಡುವವರು ಯಾವ ಲೋಕದವರೋ, ನಮಗಿರುವುದು ರಿಯಾಯಿತಿ ದರಗಳು, ಅವು ಮೂರು ಬಗೆ ಎಂದ. ಸೇವರ್ ಎಲ್ಲಕ್ಕಿಂತ ಅಗ್ಗ. ಆದರೆ ಒಮ್ಮೆ ಕಟ್ಟಿದರೆ ಕಥೆ ಮುಗಿಯಿತು: ಹಣ ವಾಪಸಿಲ್ಲ, ದಿನ ಬದಲಿಲ್ಲ, ಹೋಗುವವರ ಹೆಸರೂ ಬದಲಿಲ್ಲ. ಫ್ಲೆಕ್ಸಿಯಲ್ಲಿ ರಿಯಾಯಿತಿ ಕಡಿಮೆ. ಅದಕ್ಕೆ ಪ್ರತಿಯಾಗಿ, ಹೊರಡಲು ಒಂದು ತಿಂಗಳು ಉಳಿದಿರುವವರೆಗೆ ಹೆಸರನ್ನು ಒಂದು ಸಲ ಬದಲಾಯಿಸಲು ಬಿಡುತ್ತಾರೆ. ಮೂರನೆಯದು ಗ್ಯಾರಂಟಿ.

ಗ್ಯಾರಂಟಿ ಎಂಬ ಮಾತು ಕೇಳಿದ್ದೇ ಗಂಡನ ಮುಖ ಅರಳಿತು.

“ಅದೇ ಇರಲಿ ಮತ್ತೆ. ಗ್ಯಾರಂಟಿ ಇಲ್ದೆ ನಾನು ಒಂದು ಬಲ್ಬೂ ತಗೊಂಡವನಲ್ಲ.”

“ಇದು ಬಲ್ಬಿನ ಗ್ಯಾರಂಟಿ ಅಲ್ಲಪ್ಪಾ,” ಎಂದ ಮಗ. “ಹಡಗಲ್ಲಿ ಎಲ್ಲೋ ಒಂದು ಕಡೆ ಮಲಗೋಕೆ ಜಾಗ ಕೊಡ್ತೀವಿ ಅನ್ನೋದಷ್ಟೇ ಗ್ಯಾರಂಟಿ. ಯಾವ ಕೋಣೆ ಅನ್ನೋದು ಅವರಿಷ್ಟ. ಇಂಜಿನ್ ಪಕ್ಕ ಹಾಕಿದ್ರೂ ಕೇಳೋ ಹಾಗಿಲ್ಲ.”

“ನಿಮ್ಮಪ್ಪನಿಗೆ ಅಲ್ಲೇ ಚೆನ್ನಾಗಿ ನಿದ್ದೆ ಬರೋದು ಬಿಡು,” ಎಂದಳು ಅವಳು.

ಮಗ ನಕ್ಕ. ಮಗಳೂ ತುಟಿಯಂಚಿನಲ್ಲಿ ನಕ್ಕಳು. ಆಮೇಲೆ ನಗಬಾರದಿತ್ತೇನೋ ಎಂಬಂತೆ ಬ್ರೆಡ್ಡಿನ ಚೂರನ್ನು ಮುರಿಯತೊಡಗಿದಳು. ಗಂಡ ಫ್ಲೆಕ್ಸಿಯ ಸುತ್ತ ಸ್ವಲ್ಪ ಹೊತ್ತು ಸುಳಿದಾಡಿದ. ಮನುಷ್ಯರ ವಿಷಯ, ನಾಳೆ ಯಾರಿಗೆ ಏನೋ, ಒಂದು ದಾರಿ ಇರಲಿ ಎಂದ. ಮಗ ಒಪ್ಪಲಿಲ್ಲ. ನಾಲ್ವರೂ ಗಟ್ಟಿಮುಟ್ಟಾಗಿದ್ದೇವೆ, ಯಾರು ತಪ್ಪಿಸಿಕೊಂಡರೂ ತಾನಂತೂ ಈಜಿಕೊಂಡಾದರೂ ಬರುವವನೇ, ಸುಮ್ಮನೆ ಹೆಚ್ಚಿಗೆ ಯಾಕೆ ಸುರಿಯಬೇಕು ಎಂದು ವಾದ ಹೂಡಿದ. ಆಲ್ಟರೇಷನ್ ಅಕ್ಕನೂ ಕೇಳಿದಳು, ನಿಜಕ್ಕೂ ಯಾರೂ ಬಿಡುವ ಹಾಗೇ ಇಲ್ಲವೇ ಎಂದು. ಇಲ್ಲ, ಸೇವರ್ ಅಂದರೆ ಬೀಗ, ಬೀಗದ ಕೈ ಸಮುದ್ರಕ್ಕೆ ಎಸೆದ ಹಾಗೆ ಎಂದ ಮಗ.

“ಸರಿ. ನಾಲ್ಕೂ ಸೇವರ್,” ಎಂದ ಗಂಡ.

ಮಗಳು ಅಪ್ಪನನ್ನೊಮ್ಮೆ ನೋಡಿ, ತಟ್ಟೆ ಎತ್ತಿಕೊಂಡು ಎದ್ದಳು.

ಆ ಮನೆಯಲ್ಲಿ ಉಳಿದವರಿಗೆ ಸೇವರ್ ಹಿಡಿಸಿದ್ದು ಅಗ್ಗವೆಂದು. ಅವಳಿಗೆ ಹಿಡಿಸಿದ್ದು ಅದರ ಬೀಗ. ಯಾರೂ ನಡುವೆ ಇಳಿಯುವಂತಿಲ್ಲ, ಯಾರನ್ನೂ ನಡುವೆ ಇಳಿಸುವಂತಿಲ್ಲ! ಇಂಥ ಏರ್ಪಾಟು ಭೂಮಿಯ ಮೇಲೆ ಇದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ಎಷ್ಟೋ ವರ್ಷದ ಹಿಂದೆ ಯಾವ ಆಸೆಗೋ ಮಾಡಿಸಿಟ್ಟ ಪಾಸ್‌ಪೋರ್ಟು ಒಂದು ಸಲವೂ ಹೊರಗೆ ಬಾರದೆ ಪೆಟ್ಟಿಗೆಯ ತಳದಲ್ಲಿತ್ತು. ಅದನ್ನು ತೆಗೆದು ಒರೆಸಿ ಮಗನ ಕೈಗೆ ಕೊಟ್ಟಳು. ಅವನು ನಾಲ್ವರದ್ದೂ ಫೋಟೋ ತೆಗೆದು ಟ್ರಾವೆಲ್ಸಿನವರಿಗೆ ಕಳಿಸಿದ. ಅಂದಿನಿಂದ ಅಂಗಡಿಗೆ ಬಂದವರಿಗೆಲ್ಲ, ಕೇಳಲಿ ಬಿಡಲಿ, ಹಡಗಿನ ಸುದ್ದಿಯೇ. ಸೂಜಿಗಳನ್ನು ಬಾಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡು ಮಾತಾಡುವಳು. ನಾವು ನಾಲ್ವರು ಹೋಗುತ್ತಿದ್ದೇವೆ ಎನ್ನುವಾಗ ‘ನಾಲ್ವರು’ ಎಂಬಲ್ಲಿ ನಾಲಗೆ ಒಂದು ಗಳಿಗೆ ನಿಲ್ಲುವುದು. ಎದುರಿನ ಬೇಕರಿಯವನು ಏಪ್ರನ್ನಿನ ಪಟ್ಟಿ ಉದ್ದ ಮಾಡಿಸಲು ಬಂದವನು, “ಅಕ್ಕಾ, ಟೇಪು ಮರೀಬೇಡಿ. ಹಾಗೇ ಸಮುದ್ರದ ಸೊಂಟದ ಅಳತೆ ತಗೊಂಡು ಬನ್ನಿ,” ಎಂದು ಹಾಸ್ಯ ಮಾಡಿದ. ನಿನ್ನ ಸೊಂಟ ಅಳೆದ ಮೇಲೆ ಸಮುದ್ರಕ್ಕೆ ಟೇಪು ಎಲ್ಲಿ ಉಳಿಯುತ್ತೆ ಎಂದು ಅವಳೂ ಬಿಡಲಿಲ್ಲ.

ಹೀಗೆ ಇರುವಾಗ ಒಂದು ಮಧ್ಯಾಹ್ನ, ಕೋಟಿನ ತೋಳು ಬಿಚ್ಚುತ್ತಾ ಕೂತಿದ್ದಾಗ, ಟ್ರಾವೆಲ್ಸಿನ ಹುಡುಗಿಯ ಫೋನು ಬಂತು. ನೆಗಡಿಯಾದ ದನಿ. ಪಾಸ್‌ಪೋರ್ಟಿನಲ್ಲಿ ಅವಳ ಹೆಸರಿನ ಜೊತೆ ತಂದೆಯ ಹೆಸರಿದೆ, ಟಿಕೆಟ್ಟಿಗೆ ಮಾತ್ರ ಸರ್ ತಮ್ಮ ಮನೆಹೆಸರು ಸೇರಿಸಿ ಕೊಟ್ಟಿದ್ದಾರೆ, ಎರಡೂ ಒಂದೇ ಆಗಿರದಿದ್ದರೆ ಹಡಗಿನವರು ಹತ್ತಿಸಿಕೊಳ್ಳುವುದಿಲ್ಲ ಎಂದಳು. ಆಲ್ಟರೇಷನ್ ಅಕ್ಕ ಕೋಟನ್ನು ಬದಿಗಿಟ್ಟಳು. ಸೇವರಿನ ಬೀಗ ಹೀಗೆ ತನ್ನ ಕುತ್ತಿಗೆಗೇ ಬೀಳುತ್ತದೆಂದು ಯಾರಿಗೆ ಗೊತ್ತಿತ್ತು?

“ಈಗ ಏನ್ ಮಾಡೋದಮ್ಮಾ? ಸೇವರಲ್ಲಿ ಹೆಸರು ಮುಟ್ಟೋ ಹಾಗೇ ಇಲ್ವಲ್ಲ?”

“ಅದಕ್ಕೇ ಫೋನ್ ಮಾಡಿದ್ದು ಮೇಡಂ. ನಿಮ್ಮ ಪುಣ್ಯ, ನಿಮ್ಮದು ಫ್ಲೆಕ್ಸಿ.”

“ನಮ್ಮದು ನಾಲ್ಕೂ ಸೇವರ್.”

“ಇಲ್ಲ ಮೇಡಂ. ಮೂರು ಸೇವರ್, ಒಂದು ಫ್ಲೆಕ್ಸಿ. ಸರ್ ಕೇಳಿ ಕೇಳಿ ಹಾಕಿಸಿದ್ರು. ಹೆಸರು ಬದಲಾಯಿಸೋಕೆ ಕೊನೇ ದಿನ ಯಾವತ್ತು ಅಂತ ಆಮೇಲೂ ಫೋನ್ ಮಾಡಿದ್ರು. ನಿಮಗೆ ಅಂಗಡಿ ಕೆಲಸ ಬಂದ್ರೆ ನಿಮ್ಮ ಬದಲು ನಿಮ್ಮ ಅಕ್ಕ ಬರ್ತಾರೆ ಅಂತ.”

“ಯಾವ ಅಕ್ಕ?”

“ಮಕ್ಕಳ ದೊಡ್ಡಮ್ಮ ಅಂದ್ರಪ್ಪ. ದೊಡ್ಡಮ್ಮ ಅಂದ್ರೆ ನಿಮ್ಮ ಅಕ್ಕನೇ ಅಲ್ವಾ?”

ಹುಡುಗಿ ತನಗೆ ತಿಳಿದ ಮಟ್ಟಿಗೆ ತಪ್ಪು ಹೇಳಿರಲಿಲ್ಲ. ಮಕ್ಕಳಿಗೆ ದೊಡ್ಡಮ್ಮನಾದವಳು ಅವರ ತಾಯಿಗೆ ಅಕ್ಕನಾಗಬೇಕಾದದ್ದೇ. ತಾಯಿ ಯಾರು ಎಂಬಲ್ಲಿ ಮಾತ್ರ ಅವಳ ಹೆಜ್ಜೆ ತಪ್ಪಿತ್ತು. ಅದನ್ನು ತಿದ್ದಲು ಆಲ್ಟರೇಷನ್ ಅಕ್ಕನಿಗೆ ನಾಲಗೆ ಏಳಲಿಲ್ಲ. ತನ್ನ ಗಂಡ, ತನ್ನ ಟಿಕೆಟ್ಟು, ತನ್ನ ಬದಲಿಗೆ ಬರುವವಳು ಯಾರೆಂದು ಫೋನಿನ ಹುಡುಗಿಗೆ ಗೊತ್ತು, ತನಗೆ ಗೊತ್ತಿಲ್ಲ! ಆ ಮಾತನ್ನು ಹೇಗೆ ಆಡುವುದು?

“ಹೂಂ. ಅಕ್ಕನೇ,” ಎಂದಳು.

ಒಂದೆರಡು ದಿನದೊಳಗೆ ಬಂದು ಹೆಸರು ಸರಿಮಾಡಿಸಿ, ಕೊನೆಯ ದಿನ ಹತ್ತಿರ ಬಂತು ಎಂದು ಹುಡುಗಿ ಸೀನುತ್ತಾ ಫೋನಿಟ್ಟಳು.

ಆ ಸಂಜೆ ಅವಳು ಗಂಡನಿಗೆ ಒಂದು ಅವಕಾಶ ಕೊಟ್ಟಳು. ಅವನು ಕೈಯ ಗ್ರೀಸು ತೊಳೆದು, ಸೂಪಿಗೆ ಊದುತ್ತಾ ಕೂತಿದ್ದ. ಮಕ್ಕಳು ಇನ್ನೂ ಬಂದಿರಲಿಲ್ಲ. ಬೇಕರಿಯವನು ತಾನೂ ಹಡಗಿಗೆ ಹೋಗುವ ಯೋಚನೆಯಲ್ಲಿದ್ದಾನೆ, ಯಾವ ದರ ಒಳ್ಳೆಯದು ಅಂತ ಕೇಳಿದ ಎಂದು ಒಂದು ಕಥೆ ಕಟ್ಟಿದಳು. ಮತ್ತೆ, ತೀರ ಸಹಜವಾಗಿ, “ನಮ್ಮದು ನಾಲ್ಕೂ ಸೇವರ್ ಅಲ್ವಾ?” ಎಂದಳು.

“ಹೂಂ,” ಎಂದ ಅವನು. ಈ ‘ಹೂಂ’ನಲ್ಲಿ ‘ನೋಡೋಣ’ ಕೂಡ ಇರಲಿಲ್ಲ. ನುಣುಪಾಗಿ, ಎಣ್ಣೆ ಹಾಕಿದ ಬಾಗಿಲಿನ ಹಾಗೆ ಮುಚ್ಚಿಕೊಂಡಿತು.

ಅವಳಿಗೆ ಉರಿದದ್ದು ಫ್ಲೆಕ್ಸಿಯೋ ಸೇವರೋ ಎಂಬುದಕ್ಕಲ್ಲ. ಮಗಳು ಕೇಳಿರಬೇಕು, ಅಮ್ಮನ ಆಸೆಯ ಪ್ರವಾಸಕ್ಕೆ ಅಮ್ಮನ ಕಡೆಯವರು ಇರಲಿ ಎಂದು, ಕೇಳಬಹುದಾದ ಮಾತೇ. ಇವನು ಆಗಲಿ ಎನ್ನಬಹುದಿತ್ತು, ಆಗುವುದಿಲ್ಲ ಎನ್ನಬಹುದಿತ್ತು. ಎರಡನ್ನೂ ಬಿಟ್ಟು ತನ್ನ ಹೆಂಡತಿಯನ್ನು ಬ್ರೇಕು ಮಾಡಿ ಪಕ್ಕದಲ್ಲಿಟ್ಟುಕೊಂಡಿದ್ದ. ಬೇಕಾದರೆ ಒತ್ತುವುದು, ಬೇಡವಾದರೆ ಒತ್ತದಿರುವುದು. ಅದರ ಮೇಲೆ ಹೆಸರು ಬೇರೆ. ಮದುವೆಯ ನೋಂದಣಿ ಕಚೇರಿಯಲ್ಲಿ ಅವಳ ಪೂರ್ತಿ ಹೆಸರಿನ ಪಕ್ಕದಲ್ಲೇ ಸಹಿ ಹಾಕಿದವನು. ನಿಮ್ಮ ಮನೆಹೆಸರಿಗೆ ಬದಲಾಯಿಸಿಕೊಳ್ಳಲೇ ಎಂದು ಅವಳು ಕೇಳಿದಾಗ, ಆತುರವೇನು, ಮಕ್ಕಳು ಹೊಂದಿಕೊಳ್ಳಲಿ ಎಂದವನೂ ಅವನೇ. ಊರಿನ ಎಷ್ಟೋ ಲಿಫ್ಟುಗಳ ನಂಬರುಗಳನ್ನು ಬಾಯಿಪಾಠ ಹೇಳುವವನಿಗೆ, ಹೆಂಡತಿ ಹೆಸರು ಬದಲಾಯಿಸಿಕೊಂಡಿದ್ದಾಳೋ ಇಲ್ಲವೋ ನೆನಪಿರಲಿಲ್ಲ.

ಮರುದಿನ ಅಂಗಡಿಗೆ ದೊಡ್ಡಮ್ಮನೇ ಬಂದಳು.

ಆಕೆ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತಳಾದವಳು. ತಂಗಿ ಹಾಸಿಗೆ ಹಿಡಿದಾಗ ಆ ಮನೆಗೆ ಬಂದು ನಿಂತು ಮಕ್ಕಳ ಟಿಫಿನ್ ಡಬ್ಬಿಯಿಂದ ಪರೀಕ್ಷೆಯವರೆಗೆ ನೋಡಿಕೊಂಡವಳು. ಇವಳ ಮದುವೆಗೂ ಬಂದಿದ್ದಳು, ಉಂಡು ಹರಸಿ ಹೋಗಿದ್ದಳು. ಅಂಗಡಿಗೆ ಕಾಲಿಟ್ಟದ್ದು ಅದೇ ಮೊದಲು. ಚೀಲದಿಂದ ಗಾಳಿ ತಡೆಯುವ ನೀಲಿ ಜಾಕೆಟ್ಟು ತೆಗೆದು ಇಸ್ತ್ರಿ ಮೇಜಿನ ಮೇಲೆ ಹರಡಿದಳು.

“ಜಿಪ್ಪು ಕೆಟ್ಟಿದೆ ಕಣಮ್ಮ. ತೋಳೂ ಉದ್ದ. ಹಡಗಿನ ಮೇಲೆ ಗಾಳಿ ಜೋರಂತಲ್ಲ?”

“ಹೌದಂತೆ,” ಎಂದಳು ಅವಳು. ಟೇಪು ಹಿಡಿದು ಆಕೆಯ ಭುಜದಿಂದ ಮಣಿಕಟ್ಟಿಗೆ ಅಳೆದಳು. ಮುದಿ ತೋಳು, ಒಂದು ಕಾಲಕ್ಕೆ ಬೋರ್ಡಿನ ತುದಿ ಮುಟ್ಟುತ್ತಿದ್ದ ತೋಳು, ಈಗ ಎತ್ತಿ ಹಿಡಿಯಲು ನಡುಗುತ್ತಿತ್ತು.

“ನಿನಗೆ ಅಂಗಡಿ ಬಿಟ್ಟು ಬರೋಕಾಗಲ್ವಂತೆ, ಪಾಪ. ಮಗು ಹೇಳಿದಳು. ನನಗಂತೂ ಸಂಕೋಚ ಆಯ್ತು. ಚಿಕ್ಕಮ್ಮನೇ ಒಪ್ಪಿದಾರೆ ಅಂದಮೇಲೆ ಹೂಂ ಅಂದೆ.” ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು ಆಕೆ ಕಣ್ಣು ಒರೆಸಿಕೊಂಡಳು. “ನನ್ನ ತಂಗಿ ಎಷ್ಟು ಆಸೆಪಟ್ಟಿದ್ಲು. ಅವಳ ಬದಲು ನಾನು ನೋಡ್ಕೊಂಡು ಬರ್ತೀನಿ.”

ಅವಳ ಬದಲು. ನಿನ್ನ ಬದಲು ಎನ್ನಲಿಲ್ಲ. ಆಕೆಯ ಲೆಕ್ಕದಲ್ಲಿ ಆ ಹಾಸಿಗೆ ಮೊದಲಿನಿಂದಲೂ ತಂಗಿಯದೇ. ನಡುವೆ ಅಲ್ಲಿ ಇನ್ನೊಬ್ಬಳು ಬಂದು ಕೂತಿದ್ದು, ಬಸ್ಸಿನ ಸೀಟಿನ ಮೇಲೆ ಯಾರೋ ಟವಲ್ ಹಾಕಿ ಹೋದಷ್ಟೇ. ಕೋಪಿಸಿಕೊಳ್ಳೋಣವೆಂದರೆ ಆಕೆಯ ಮುಖದಲ್ಲಿ ಕಪಟವೇ ಇರಲಿಲ್ಲ. ಆಕೆಗೂ ಸುಳ್ಳು ಹೇಳಿಯೇ ಕಳಿಸಿದ್ದರು. ನೀವು ಹೋಗಿಬನ್ನಿ ಎಂದು ಬಾಯಿ ತುದಿಗೆ ಬಂದಿತ್ತು. ಅಷ್ಟು ವರ್ಷ ಕಾರಿನಿಂದ ನಗುನಗುತ್ತಾ ಇಳಿದ ಅಭ್ಯಾಸ, ಸುಲಭಕ್ಕೆ ಹೋಗುವಂಥದ್ದಲ್ಲ. ಅಷ್ಟರಲ್ಲಿ ಆಕೆ ಮೇಜಿನ ಮೇಲೆ ಹಣ ಇಡಲು ಹೊರಟಳು. ಬೇಡಿ ಎಂದರೆ, “ಛೆ, ಹೊರಗಿನವರ ಹತ್ರ ಬಿಟ್ಟಿ ಕೆಲಸ ಮಾಡಿಸ್ಕೊಳ್ಳಲ್ಲಮ್ಮ ನಾನು,” ಎಂದಳು. ಅದನ್ನೂ ಪ್ರೀತಿಯಿಂದಲೇ ಹೇಳಿದಳು.

ಆಕೆ ರಸ್ತೆ ದಾಟುವವರೆಗೆ ನೋಡುತ್ತಾ ನಿಂತು, ಆಲ್ಟರೇಷನ್ ಅಕ್ಕ ಶಟರ್ ಎಳೆದಳು. ಹಗಲು ಹೊತ್ತಿನಲ್ಲಿ ಆ ಶಟರ್ ಎಳೆದ ಸದ್ದು ಕೇಳಿ ಬೇಕರಿಯವನು ಹೊರಗೆ ಬಂದು ಇಣುಕಿದ.

ಟ್ರಾವೆಲ್ಸಿನ ಕೋಣೆಯಲ್ಲಿ ನೀಲಿ ಗೋಡೆಯ ತುಂಬ ಹಡಗುಗಳು. ನೆಗಡಿಯ ಹುಡುಗಿ ಮೂಗು ಒರೆಸಿಕೊಂಡು ಕ್ಷಮೆ ಕೇಳಿ, ಕಂಪ್ಯೂಟರಿನಲ್ಲಿ ಅವಳ ಟಿಕೆಟ್ಟು ತೆಗೆದಳು. ಆಮೇಲೆ ಬೆರಳು ಎತ್ತಿ ಹಿಡಿದು ನಿಂತಳು.

“ಒಂದು ಮಾತು ಮೇಡಂ. ತಿದ್ದುಪಡಿ ಮಾಡಿದ್ರೂ ಅದು ಬದಲಾವಣೆ ಅಂತಲೇ ಲೆಕ್ಕ. ಒಂದೇ ಸಲ. ಇದಾದ್ಮೇಲೆ ನಿಮ್ಮದೂ ಸೇವರ್ ಥರಾನೇ ಲಾಕ್ ಆಗಿಬಿಡುತ್ತೆ. ಅಕ್ಕ ಬರೋದಾದ್ರೆ ಈಗಲೇ ಅವರ ಹೆಸರು ಹಾಕ್ಬೇಕು.”

“ಅಕ್ಕನಿಗೆ ಸಮುದ್ರ ಆಗಲ್ಲ. ತಲೆ ಸುತ್ತುತ್ತೆ,” ಎಂದಳು ಅವಳು. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಮನೆಯವರ ಸಂಗದಲ್ಲಿ ಕಲಿತದ್ದು ಎಂದುಕೊಂಡಳು.

“ಹಾಗಾದ್ರೆ ನಿಮ್ಮ ಹೆಸರು ಹೇಳಿ. ಪಾಸ್‌ಪೋರ್ಟಲ್ಲಿ ಇರೋ ಹಾಗೇ.”

ಒಂದೊಂದೇ ಅಕ್ಷರವಾಗಿ ಹೇಳಿದಳು. ತನ್ನ ಹೆಸರು, ಅದಕ್ಕಂಟಿದ ಅಪ್ಪನ ಹೆಸರು. ಮದುವೆಯಾದಾಗಿನಿಂದ ಆ ಹೆಸರನ್ನು ಅವಳು ಜೋರಾಗಿ ಹೇಳಿಯೇ ಇರಲಿಲ್ಲ. ಬಹಳ ದಿನ ಮಡಿಸಿಟ್ಟ ಅಂಗಿ ತೊಟ್ಟ ಹಾಗಾಯಿತು: ಮಡಿಕೆಯ ಗೆರೆಗಳು ಎದ್ದು ಕಾಣುತ್ತಿದ್ದವು, ಅಳತೆ ಮಾತ್ರ ಸರಿಯಾಗಿತ್ತು. ಹುಡುಗಿ ಒಂದು ಕೀಲಿ ಒತ್ತಿ, ಆಯ್ತು ಎಂದಳು. ಅಷ್ಟೇ. ಗಂಟೆ ಬಾರಿಸಲಿಲ್ಲ, ನೆಲ ನಡುಗಲಿಲ್ಲ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಗಂಡ ಎದ್ದು ಹೋಗಲಿಲ್ಲ. ಮಗಳೂ ಕೂತೇ ಇದ್ದಳು. ಮಗ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಫೋನು ತಿರುವುತ್ತಿದ್ದ. ಅವನಿಗೆ ಎಷ್ಟು ಗೊತ್ತಿತ್ತೋ ಅವಳಿಗೆ ತಿಳಿಯಲಿಲ್ಲ. ಇಂದು ಹೆಸರಿನ ಕೊನೆಯ ದಿನ ಎಂಬುದು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಗಂಡ ಗಂಟಲು ಸರಿಮಾಡಿಕೊಂಡ. ಅಂಗಡಿಯಲ್ಲಿ ಈಗ ಕೆಲಸ ಹೆಚ್ಚಲ್ಲವೇ ಎಂದು ಶುರುಮಾಡಿದ. ಸೊಂಟ ನೋವು ಎನ್ನುತ್ತಿದ್ದೆಯಲ್ಲ ಎಂದ. ಮೇಲಿನ ಹಾಸಿಗೆಗೆ ಏಣಿ ಹತ್ತಬೇಕಂತೆ ಎಂದ. ಹಡಗು ಎಂದರೆ ಎಲ್ಲರಿಗೂ ಒಗ್ಗುವುದಿಲ್ಲ, ನಾವಿಬ್ಬರೇ ಇನ್ನೊಮ್ಮೆ ಬೇರೆ ಕಡೆ, ನೆಲದ ಮೇಲೆಯೇ, ಆರಾಮವಾಗಿ ಹೋಗಬಹುದು ಎಂದ. ಅಡ್ಡಗೋಡೆಯ ಮೇಲೆ ದೀಪವಿಟ್ಟು, ಅದು ಎತ್ತ ಬೆಳಗಿದರೂ ತನ್ನದಲ್ಲ ಎಂಬಂತೆ ಕೂತಿದ್ದ. ಅವಳು ಸಹಾಯಕ್ಕೆ ಬರಲಿಲ್ಲ. ಪ್ರತಿ ಮಹಡಿಯಲ್ಲೂ ಅವನ ಮಾತು ನಿಂತಿತು, ಬಾಗಿಲು ತೆರೆಯಿತು, ಯಾರೂ ಹತ್ತಲಿಲ್ಲ.

ಕೊನೆಗೆ ಮಗಳಿಗೇ ತಡೆಯಲಾಗಲಿಲ್ಲ.

“ಚಿಕ್ಕಮ್ಮ, ನಾನೇ ಹೇಳ್ತೀನಿ. ನಿಮ್ಮ ಜಾಗಕ್ಕೆ ದೊಡ್ಡಮ್ಮ ಬರಲಿ ಅಂತ ನನ್ನ ಆಸೆ. ಇದು ಅಮ್ಮನ ಪ್ರವಾಸ. ನೀವಿದ್ರೆ ನಮಗೆ ಅಮ್ಮನ ಮಾತಾಡೋಕೆ ಆಗಲ್ಲ. ನಿಮ್ಮ ಟಿಕೆಟ್ಟು ಫ್ಲೆಕ್ಸಿ, ಇವತ್ತು ಹೆಸರು ಬದಲಾಯಿಸಬಹುದು. ನೀವು ಬೇಜಾರು ಮಾಡ್ಕೋಬಾರದು.”

“ಹೆಸರು ಬದಲಾಯಿಸಿ ಆಯ್ತು,” ಎಂದಳು ಅವಳು. “ಗುರುವಾರಾನೇ ಹೋಗಿ ಬಂದೆ.”

ಮಗಳ ಮುಖ ನೋಡಬೇಕಿತ್ತು. ಕಣ್ಣು ತುಂಬಿ ಬಂತು. ಕುರ್ಚಿ ಹಿಂದೆ ತಳ್ಳಿ ಎದ್ದು, ಮೇಜು ಬಳಸಿ ಬಂದು, ಅವಳ ಎರಡೂ ಕೈ ಹಿಡಿದುಕೊಂಡಳು. ದಿನವೂ ಎಷ್ಟೋ ಜನರ ಕೈಕಾಲು ಹಿಡಿಯುವ ಹುಡುಗಿ ಈ ಕೈಯನ್ನು ಹಿಡಿದದ್ದು ಅದೇ ಮೊದಲು. ಬೆಚ್ಚಗಿನ, ಬಲವಾದ ಅಂಗೈ.

“ಚಿಕ್ಕಮ್ಮಾ, ನೀನು… ನೀನು ಎಷ್ಟು ಒಳ್ಳೆಯವಳು.”

ನೀನು. ಅಪ್ಪ ಅವಳಿಗೆ ‘ನೀನು’, ದೊಡ್ಡಮ್ಮ ‘ನೀನು’, ಸತ್ತು ಹೋದ ಅಮ್ಮ ಇವತ್ತಿಗೂ ‘ನೀನು’. ಚಿಕ್ಕಮ್ಮ ಮಾತ್ರ ಮದುವೆಯ ದಿನದಿಂದ ‘ನೀವು’ ಆಗಿದ್ದವಳು. ಆ ಒಂದು ಮಾತಿಗೆ ಅವಳು ಎಷ್ಟು ಜಿಪ್ಪು ಹಾಕಿದ್ದಳು, ಎಷ್ಟು ಗುಂಡಿ ಹೊಲಿದಿದ್ದಳು, ಜ್ವರದಲ್ಲಿ ಎಷ್ಟು ಸಲ ಹಣೆಗೆ ಒದ್ದೆ ಬಟ್ಟೆ ಇಟ್ಟಿದ್ದಳು. ಈಗ ಅದು ತಾನಾಗಿಯೇ ಬಂದು ಮಡಿಲಿಗೆ ಬಿದ್ದಿತ್ತು, ಬೇರೆ ಯಾರ ವಿಳಾಸಕ್ಕೋ ಹೊರಟದ್ದು ತಪ್ಪಿ ಬಂದ ಹಾಗೆ. ಇನ್ನೊಂದು ಗಳಿಗೆ ಸುಮ್ಮನಿರಲೇ ಎನ್ನಿಸಿತು. ಸುಮ್ಮನಿದ್ದಳು ಕೂಡ. ಆ ಅಂಗೈಯ ಬಿಸಿ ತನ್ನ ಕೈಗೆ ಹತ್ತುವವರೆಗೆ.

ಆಮೇಲೆ ಹೇಳಿದಳು: “ದೊಡ್ಡಮ್ಮನ ಹೆಸರಲ್ಲ. ನನ್ನ ಹೆಸರು.”

ಕೈ ಒಮ್ಮೆಗೇ ಬಿಡಲಿಲ್ಲ. ಬೆರಳು ಬೆರಳಾಗಿ ಬಿಟ್ಟಿತು.

“ನಿನ್ನ ಹೆಸರೇ ಇತ್ತಲ್ಲ?” ಎಂದ ಗಂಡ.

“ಇರಲಿಲ್ಲ. ನಿಮ್ಮ ಮನೆಹೆಸರು ಅಂಟಿಸಿದ ಇನ್ಯಾರೋ ಒಬ್ಬಳಿದ್ಲು. ಪಾಸ್‌ಪೋರ್ಟಲ್ಲಿ ನಮ್ಮಪ್ಪನ ಹೆಸರಿದೆ. ಅದನ್ನೇ ಹಾಕಿಸಿದೆ. ಒಂದೇ ಸಲವಂತೆ ಬದಲಾವಣೆ. ಇನ್ನು ಆಗಲ್ಲ.”

ಮಗ ಕುರ್ಚಿಯ ನಾಲ್ಕೂ ಕಾಲುಗಳನ್ನು ನೆಲಕ್ಕೆ ಇಳಿಸಿದ. ಮಗಳು ಗೋಡೆಗೆ ಒರಗಿ, ಮುಖ ಬಿಗಿದುಕೊಂಡು, ಹಾಗಾದರೆ ತಾನು ಬರುವುದೇ ಇಲ್ಲ ಎಂದಳು. ನಿನ್ನದು ಸೇವರ್ ಎಂದ ಮಗ ಮೆಲ್ಲಗೆ, ಬಾರದಿದ್ದರೂ ಹಣ ಹೋದಂತೆಯೇ. ಅಷ್ಟು ದಿನದ ಉಳಿತಾಯ ಸುರಿದವಳು ಅವಳೇ. ನೀವು ಬೇಕಂತಲೇ ಮಾಡಿದ್ದೀರಿ ಎಂದು ಮಾತ್ರ ಅಂದಳು. ‘ನೀವು’ ತನ್ನ ಜಾಗಕ್ಕೆ ವಾಪಸು ಬಂದು ಕೂತಿತ್ತು.

“ಹೂಂ, ಬೇಕಂತಲೇ,” ಎಂದಳು ಅವಳು. “ನೀನು ಮೊದಲೇ ಕೇಳಿದ್ದಿದ್ರೆ ಬಿಟ್ಟುಕೊಡ್ತಿದ್ದೆನೋ ಏನೋ. ನನಗೇ ಗೊತ್ತಿಲ್ಲ.” ಗಂಡನ ಕಡೆ ತಿರುಗಿದಳು. “ನಾನು ನಿಮ್ಮನ್ನ ಕೇಳಿದೆ. ನಾಲ್ಕೂ ಸೇವರ್ ಅಲ್ವಾ ಅಂತ. ನೀವು ಸೂಪು ಕುಡೀತಾ ಹೂಂ ಅಂದ್ರಿ.”

ಅವನು ಅವಳನ್ನು ನೋಡಲಿಲ್ಲ. ಗೋಡೆಯ ಗಡಿಯಾರ ನೋಡಿದ.

“ಆಫೀಸು ಇನ್ನೂ ತೆರೆದಿರುತ್ತೆ,” ಎಂದ. “ಅವರಿಗೆ ಹೇಳಿ ನೋಡ್ಲಾ? ತಪ್ಪಾಗಿ ಮಾಡಿಸಿದ್ದು ಅಂತ.”

ಅವಳಿಗೆ ನಗು ಬಂತು, ನಗಲಾಗಲಿಲ್ಲ. ಕ್ಷಮಿಸು ಎಂದಿದ್ದರೆ, ಆ ಗಳಿಗೆಯಲ್ಲೂ, ಎಲ್ಲವನ್ನೂ ಒಂದು ಹೊಲಿಗೆಗೆ ಕೂರಿಸುತ್ತಿದ್ದಳೇನೋ. ಕೇಳಿ ನೋಡಿ ಎಂದಳು. ಅವನು ಟ್ರಾವೆಲ್ಸಿಗೆ ಫೋನು ಮಾಡಿದ. ನೆಗಡಿಯ ಹುಡುಗಿಯ ದನಿ ಮೇಜಿನಾಚೆಗೂ ಕೇಳಿಸಿತು, ಇಲ್ಲ ಸರ್, ಲಾಕ್ ಆಗಿದೆ ಸರ್. ಸ್ವಲ್ಪ ಹೊತ್ತು ಫೋನನ್ನು ಕೈಯಲ್ಲೇ ತೂಗಿ, ಅವನು ಬಾಲ್ಕನಿಗೆ ಹೋಗಿ ಬಾಗಿಲನ್ನು ಅರ್ಧ ಎಳೆದುಕೊಂಡ. ದೊಡ್ಡಮ್ಮನಿಗೆ ಯಾರಾದರೂ ಹೇಳಲೇಬೇಕಿತ್ತು.

“ಅತ್ತಿಗೇ, ಏನ್ ಮಾಡೋದು ಹೇಳಿ… ಇಲ್ಲ, ಅವಳಿಗೆ ಅಂಗಡಿ ಹೊಂದಿಸ್ಕೊಳ್ಳೋಕೆ ಆಯ್ತಂತೆ… ಮೊದಲು ಬಿಟ್ಟುಕೊಡ್ತೀನಿ ಅಂದಿದ್ದೇನೋ ನಿಜ. ಕೊನೇ ಗಳಿಗೇಲಿ ಮನಸ್ಸು ಬದಲಾಯಿಸಿಬಿಟ್ಟಳು… ಹೇಳಿದೆ ಅತ್ತಿಗೆ, ಎಷ್ಟೋ ಹೇಳಿದೆ. ಕೇಳಬೇಕಲ್ಲ?”

ಕೋಣೆಯಲ್ಲಿದ್ದ ಮೂವರಿಗೂ ಅದು ಕೇಳಿಸಿತು. ಮೂವರಿಗೂ ಅದು ಸುಳ್ಳೆಂದು ಗೊತ್ತಿತ್ತು. ಅವಳು ಮಗಳ ಮುಖ ನೋಡಿದಳು. ಅಪ್ಪಾ ಹಾಗಲ್ಲ ಎಂದು ಹೇಳಬಲ್ಲವಳು ಅವಳೊಬ್ಬಳೇ. ಮಗಳು ಒಂದು ಕ್ಷಣ ಆ ನೋಟವನ್ನು ತಡೆದುಕೊಂಡಳು. ಆಮೇಲೆ ಬಾಗಿ ಮೇಜಿನ ಮೇಲಿನ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದಳು.

“ಕಿಟಕಿ ಪಕ್ಕದ ಕೆಳಗಿನ ಹಾಸಿಗೆ ನನಗೆ ಬೇಕು,” ಎಂದಳು, ತಟ್ಟೆಗಳಿಗೆ ಹೇಳುವಂತೆ.

“ತಗೋ,” ಎಂದಳು ಚಿಕ್ಕಮ್ಮ. “ನಾನು ಏಣಿ ಹತ್ತುತ್ತೀನಿ.”